ಸೆಲ್ಲಕ್ಕ ಚೀಲ ಜೋಡಿಸಿದ್ದು

ಮೂರು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗದಲ್ಲಿ ಸೆಲ್ಲಕ್ಕನ ಅಂಗಡಿ. ಮೇಲಿನವರು ಹತ್ತಿ ಇಳಿಯುವುದೆಲ್ಲ ಅವಳ ತಲೆಯ ಮೇಲೆಯೇ. ಅವಳಪ್ಪ ಅಲ್ಲಿ ಮೂವತ್ತು ವರ್ಷ ವಾಚು ರಿಪೇರಿ ಮಾಡಿದ. ಅವನ ಕೈ ನಡುಗತೊಡಗಿದ ಮೇಲೆ ಅದೇ ಸ್ಟೂಲಿನ ಮೇಲೆ ಮಗಳು ಕೂತಳು. ಅಷ್ಟರಲ್ಲಿ ಜನ ವಾಚು ರಿಪೇರಿ ಮಾಡಿಸುವುದನ್ನೇ ಬಿಟ್ಟಿದ್ದರು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ಅಕ್ಕಾ, ಸೆಲ್ ಹಾಕ್ಕೊಡಿ." ಹಾಗಾಗಿ ಅವಳು ಸೆಲ್ಲಕ್ಕ ಆದಳು. ಬೇಕರಿಯಲ್ಲಿ ಕೆಲಸ ಮಾಡುವ ಅವಳ ಗಂಡ ಕೂಡ ಈಗ ಹಾಗೆಯೇ ಕರೆಯುತ್ತಾನೆ. ಮೊದಮೊದಲು ತಮಾಷೆಗೆ ಕರೆದ, ಆಮೇಲೆ ಅದೇ ಬಾಯಿಗೆ ಕೂತುಬಿಟ್ಟಿತು.

ಅವಳು ಕೆಲಸದಲ್ಲಿ ತುಂಬ ನಿಧಾನ. ಬಿಚ್ಚಿದ ಸ್ಕ್ರೂಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾಳೆ. ಕೊನೆಗೆ ಬಿಚ್ಚಿದ್ದನ್ನು ಮೊದಲು ಹಾಕುತ್ತಾಳೆ. ಬಟ್ಟೆಯ ಮೇಲೆ ಒಂದೂ ಉಳಿದಿಲ್ಲ ಎಂದು ಖಾತ್ರಿಯಾಗುವ ತನಕ ಗಿರಾಕಿಯ ಮುಖ ನೋಡುವುದಿಲ್ಲ. ಇಷ್ಟು ಜಾಗರೂಕತೆಯವಳು ಒಂದು ದಿನ, ಒಬ್ಬ ಬಸ್ ಡ್ರೈವರ್ ಕೊಟ್ಟ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟಿನ ಸೆಲ್ ಬದಲಾಯಿಸಿದಳು. ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರದ ಬೆನ್ನಿಗೆ ಸಿಕ್ಕಿಸುವ ಕ್ಯಾಸೆಟ್ ಅದು. ಒಳಗೆ ವಾಚಿನದರಂತೆಯೇ ಗುಂಡಗಿನ ಸೆಲ್. ಹಳೆಯದನ್ನು ಕಿತ್ತು ಹೊಸದನ್ನು ಬೆಸೆದು ಒರೆಸಿ ಕೊಟ್ಟಳು. ಡ್ರೈವರ್ ಅಲ್ಲೇ ಯಂತ್ರಕ್ಕೆ ಸಿಕ್ಕಿಸಿ ನೋಡಿದ. ಆರು ವರ್ಷದಿಂದ ಆಡಿದ ಆಟ ಒಳಗಿರಲಿಲ್ಲ. ಆ ಸೆಲ್ಲು ಯಂತ್ರ ಓಡಿಸಲಿಕ್ಕೆ ಇದ್ದದ್ದಲ್ಲ, ಆಟ ಎಲ್ಲಿಗೆ ನಿಂತಿದೆಯೆಂದು ನೆನಪಿಟ್ಟುಕೊಳ್ಳಲಿಕ್ಕೆ ಇದ್ದದ್ದು. ಅದನ್ನು ಕಿತ್ತ ಕ್ಷಣವೇ ನೆನಪೂ ಹೋಗಿತ್ತು.

"ಹೋಗ್ಲಿ ಬಿಡಕ್ಕ," ಅಂದ ಡ್ರೈವರ್. ಹಾಗೆ ಅಂದವನು ಯಂತ್ರವನ್ನು ಇನ್ನೆರಡು ಸಲ ಆರಿಸಿ ಹಾಕಿ ನೋಡಿದ.

ಮೂರು ದಿನ ಅವಳಿಗೆ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ಎರಡನೇ ಮಹಡಿಯ ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋಗಿ, ಆ ನೆನಪನ್ನು ಮೊದಲೇ ಬೇರೆಲ್ಲಾದರೂ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತಿತ್ತು. ಅವನು ಒಂದು ಹಳೆಯ ಕಂಪ್ಯೂಟರನ್ನೂ, ಕ್ಯಾಸೆಟ್ ಸಿಕ್ಕಿಸುವ ಸಣ್ಣ ಪೆಟ್ಟಿಗೆಯೊಂದನ್ನೂ ಹುಡುಕಿಕೊಟ್ಟ. ಹಾಗೆ ಇಳಿಸಿಕೊಂಡ ನೆನಪಿಗೆ ಸೇವ್ ಫೈಲ್ ಅನ್ನುತ್ತಾರೆಂದು ಹೇಳಿಕೊಟ್ಟವನೂ ಅವನೇ.

ಮೊದಲ ಸೇವ್ ಫೈಲನ್ನು ತೆರೆದಾಗ ಸೆಲ್ಲಕ್ಕ ತುಂಬ ಹೊತ್ತು ಏನೂ ಮಾಡದೆ ಕೂತಿದ್ದಳು. ಪರದೆಯ ತುಂಬ ಅಂಕಿಗಳ ಜೋಡಿಗಳು. ಸಾಲಿಗೆ ಹದಿನಾರು ಜೋಡಿಯಂತೆ ಐನೂರ ಹನ್ನೆರಡು ಸಾಲು, ಅಷ್ಟೇ. ಯಾರದೋ ವರ್ಷಗಟ್ಟಲೆಯ ಮಧ್ಯಾಹ್ನಗಳು, ದಾಟಿದ ನದಿಗಳು, ತೆರೆದ ಬಾಗಿಲುಗಳು, ಎಲ್ಲ ಅಷ್ಟರಲ್ಲಿ ಅಡಗಿದ್ದವು. ಯಾವ ಜೋಡಿ ಯಾವುದೆಂದು ತಿಳಿಯಲು ಅವಳು ಹಿಡಿದದ್ದು ಸ್ಕ್ರೂವಿನ ದಾರಿಯನ್ನೇ. ಆಟದಲ್ಲಿ ಒಂದೇ ಒಂದು ಗೆಡ್ಡೆ ಆರಿಸಿಕೊಂಡು ನಿಲ್ಲಿಸುವುದು. ಹಿಂದಿನ ಫೈಲನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು, ಏನು ಬದಲಾಯಿತೆಂದು ಬೆರಳಿಟ್ಟು ಹುಡುಕುವುದು. ನಾಲ್ಕು ಐದಾಗಿತ್ತು. ಕೂತಲ್ಲಿಂದಲೇ ಅವಳಿಗೆ ಕೂಗಬೇಕೆನಿಸಿತು: ಗೆಡ್ಡೆ ಸಿಕ್ಕಿತು! ಹೀಗೆ ಒಂದೊಂದೇ ಹುಡುಕುತ್ತ ಹೋಗಿ ಎರಡು ವರ್ಷದಲ್ಲಿ ಒಂದು ನೋಟ್‌ಬುಕ್ ತುಂಬಿತು. ಇದು ಚೀಲ, ಇದು ಊರು, ಇದು ಊರೊಳಗೆ ನಿಂತ ಜಾಗ.

ಬದಲಾದದ್ದು ಯಾವಾಗಲೂ ಒಂದಲ್ಲ, ಎರಡು ಜೋಡಿ. ಎರಡನೆಯದು ಕಟ್ಟಕಡೆಯ ಜೋಡಿ. ಆಟವು ತನ್ನ ಎಲ್ಲ ಅಂಕಿಗಳನ್ನೂ ಕೂಡಿ, ಬಂದ ಮೊತ್ತದ ಬಾಲವನ್ನು, ಅಂದರೆ ಕೊನೆಯ ಎರಡಂಕಿಯನ್ನು, ಅಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮತ್ತೆ ತೆರೆಯುವಾಗ ಪುನಃ ಕೂಡಿ ನೋಡುತ್ತದೆ. ಹೊಂದದಿದ್ದರೆ ಯಾರೋ ಕೈಯಾಡಿಸಿದ್ದಾರೆಂದುಕೊಂಡು ಪೂರ್ತಿ ಅಳಿಸಿ ಮೊದಲಿನಿಂದ ಶುರುಮಾಡುತ್ತದೆ. ಆದ್ದರಿಂದ ಏನು ತಿದ್ದಿದರೂ ಕೊನೆಯ ಜೋಡಿಯನ್ನೂ ತಿದ್ದಬೇಕು. ತಿದ್ದುವ ಮೊದಲು ಹಳೆಯ ಜೋಡಿಯನ್ನು ಕ್ಯಾಸೆಟ್ಟಿನ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡುವುದು ಅವಳ ಪದ್ಧತಿ.

"ನನಗೂ ಒಂದು ಜೋಡಿ ತಿದ್ದೇ," ಅಂದ ಗಂಡ ಒಮ್ಮೆ, ಹಿಟ್ಟಿನ ಕೈಯಲ್ಲೇ ಸೊಂಟ ಹಿಡಿದುಕೊಂಡು. "ಈ ಬೆನ್ನುನೋವು ಹೋಗ್ಲಿ."

"ಕೊನೇ ಜೋಡಿ ಹೊಂದ್ಲಿಲ್ಲ ಅಂದ್ರೆ ಪೂರ್ತಿ ಅಳಿಸ್ಹೋಗ್ತೀರ. ಆಮೇಲೆ ಮೊದಲಿಂದ ಅಂಬೆಗಾಲು."

"ಬೇಡಮ್ಮ ತಾಯಿ, ಬೆನ್ನುನೋವೇ ಇರ್ಲಿ."

ಸುದ್ದಿ ಹರಡಿ ಜನ ಬರತೊಡಗಿದರು. ಕೆಲವರಿಗೆ ಸೆಲ್ ಸಾಕು. ಕೆಲವರಿಗೆ ಶಕ್ತಿ ಬೇಕು. ಆ ಬಸ್ ಡ್ರೈವರೇ ಆಟ ಮತ್ತೆ ಶುರುಮಾಡಿ, ಅರ್ಧ ದಾರಿಯಲ್ಲಿ ಕ್ಯಾಸೆಟ್ ಹಿಡಿದುಕೊಂಡು ಬಂದ. "ನನ್ನವನು ಸಾಯದ ಹಾಗೆ ಮಾಡ್ಕೊಡಕ್ಕ."

"ಸಾಯೋದೇ ಇಲ್ಲ ಅಂದ್ಮೇಲೆ ಆಡೋದೇನನ್ನ?"

"ಆಡಿದ್ದು ಸಾಕಾಗಿದೆ, ಈಗ ಗೆಲ್ಲಬೇಕು."

ಅವನಿಗೆ ಅವಳು ತೀರಿಸಬೇಕಾದದ್ದಿತ್ತು, ಮಾಡಿಕೊಟ್ಟಳು.

ಈ ಕಾಲದಲ್ಲೇ ಒಂದು ಬೆಳಿಗ್ಗೆ ಎಕ್ಸ್‌ಚೇಂಜ್ ಸರ್ ಬಂದರು. ಆಸ್ಪತ್ರೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಮೂರು ವರ್ಷ ಕೂತು ನಿವೃತ್ತರಾದವರು. ಎತ್ತರದ ಆಳು, ಮೆಟ್ಟಿಲಿನ ಇಳಿಜಾರಿಗೆ ತಲೆ ತಾಗದಂತೆ ತಂಗಿ ಅವರ ಹಣೆಗೆ ಅಡ್ಡ ಕೈ ಹಿಡಿದಿದ್ದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು.

"ಇವನ ಆಟದ ಹುಚ್ಚಿಗೆ ಮದ್ದಿದ್ರೆ ಕೊಡಮ್ಮಾ," ಅಂದರು ಆ ತಂಗಿ, ಅವರಿಗೂ ಅರವತ್ತರ ಮೇಲೆ. "ಹತ್ತೊಂಬತ್ತು ವರ್ಷ ಆಯ್ತು. ಊಟಕ್ಕೆ ಕರೆದ್ರೆ, ತಡಿ ಪುಟ್ಟಿ ಗುಹೇಲಿದೀನಿ ಅಂತಾನೆ."

"ಗುಹೇಲಿದ್ದೆ, ಅದಕ್ಕೆ ಹೇಳ್ದೆ," ಅಂದರು ಸರ್. ಅವರದು ಯಾರ ಗಾಬರಿಯನ್ನಾದರೂ ಇಳಿಸುವಂಥ ದನಿ.

ಆ ಯಂತ್ರವನ್ನು ಅವರಿಗೆ ಕೊಟ್ಟದ್ದು ಒಬ್ಬ ನರ್ಸ್, ಫೋನು ಸುಮ್ಮನಿರುವ ಹೊತ್ತು ಕಳೆಯಲಿಕ್ಕೆ. ಒಂದು ಕಿವಿಗೆ ಆಸ್ಪತ್ರೆ, ಇನ್ನೊಂದು ಕಿವಿಗೆ ಆಟ. ಒಂದೊಂದು ಊರಿಗೆ ಒಂದೊಂದು ಸಂಗೀತ. ಗೋಡೆಗೆ ತಾಗಿದರೆ ಡುಬ್. ಬಾಗಿಲಾದರೆ ಕಿರ್. ಉಳಿದದ್ದು ಹೆಜ್ಜೆ ಎಣಿಸುವುದು. ಹೀಗೆ ಅವರು ಒಂದು ಇಡೀ ನಾಡನ್ನು ನಡೆದು ದಾಟಿದ್ದರು. ಸೆಲ್ಲಕ್ಕನ ನೋಟ್‌ಬುಕ್ಕಿನಲ್ಲಿದ್ದ ಅದೇ ಆಟ, ಕಣ್ಣಿದ್ದವರೇ ದಾರಿ ತಪ್ಪುವಂಥದ್ದು. ಈಗ ಕೊನೆಯ ಗುಹೆಯೊಳಗಿದ್ದರು. ಆದರೆ ಇತ್ತೀಚೆಗೆ ಯಂತ್ರ ಹಾಕಿದಾಗ ಹೊಸ ಆಟ ಶುರುವಾಗುವ ಸಂಗೀತ ಬಂದು, ಆರಿಸಿ ಮತ್ತೆ ಹಾಕಿದರೆ ಸರಿಹೋಗುತ್ತಿತ್ತು. ಸೆಲ್ ಸಾಯುತ್ತಿದೆಯೆಂದು ಸೆಲ್ಲಕ್ಕನಿಗೆ ತಕ್ಷಣ ತಿಳಿಯಿತು.

"ನಾಳೆ ಬನ್ನಿ ಸರ್," ಅಂದಳು. "ಒಂದು ಅಂಕೀನೂ ಹೋಗದ ಹಾಗೆ ಕೊಡ್ತೀನಿ."

ಅವರು ಹೋದ ಮೇಲೆ ಫೈಲ್ ಇಳಿಸಿಕೊಂಡಳು. ಹಳೆಯ ಸೆಲ್ ತೆಗೆದು ಹೊಸದನ್ನು ಬೆಸೆದಳು. ವಾಪಸು ಬರೆಯುವ ಮೊದಲು, ಅಂಥ ಮನುಷ್ಯನ ನೆನಪು ಒಳಗೆ ಹೇಗಿರುತ್ತದೆಂದು ನೋಡುವ ಆಸೆಯಾಯಿತು. ನೋಟ್‌ಬುಕ್ ತೆರೆದು ಚೀಲದ ಸಾಲನ್ನು ಓದಿದಳು. ಓದಿ ಅವಳಿಗೆ ಅಯ್ಯೋ ಅನ್ನಿಸಿತು. ಇಪ್ಪತ್ತು ಜಾಗದ ಚೀಲದಲ್ಲಿ ಅರ್ಧ ಕಸ. ಖಾಲಿ ಸೀಸೆಗಳು, ಕಲ್ಲು, ಒಡೆದ ಮಡಕೆ, ಹಳೇ ಚಪ್ಪಲಿ. ಬೇಕಾದ ವಸ್ತುಗಳೆಲ್ಲ ಕಸದ ನಡುವೆ ಚೆಲ್ಲಾಪಿಲ್ಲಿ. ಕತ್ತಲ ಗುಹೆಯಲ್ಲಿ ಉರಿಸಬೇಕಾದ ಪಂಜು ಎಲ್ಲಕ್ಕಿಂತ ಅಡಿಯಲ್ಲಿ. ಮನುಷ್ಯ ನಿಂತಿದ್ದ ಜಾಗವೂ ಹಾಗೆಯೇ. ಗುಹೆಯ ಒಂದು ಮೂಲೆಯಲ್ಲಿ, ಗೋಡೆಗೆ ಮುಖ ಒತ್ತಿಕೊಂಡು. ಪಾಪ, ಏನು ಹೊತ್ತಿದ್ದೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಶಕ್ತಿ ಹೆಚ್ಚಿಸುವುದು ಮೋಸವಾಗುತ್ತದೆ, ಆದರೆ ಒಪ್ಪ ಮಾಡಿಕೊಟ್ಟರೆ ಮೋಸವೇನಲ್ಲ ಎಂದುಕೊಂಡಳು. ಕಸ ತೆಗೆದಳು. ಪಂಜನ್ನು ಮೊದಲನೆಯ ಜಾಗಕ್ಕೆ ತಂದಳು. ತಿಂದರೆ ಚೈತನ್ಯ ಬರುವ ಗೆಡ್ಡೆಯ ಲೆಕ್ಕವನ್ನು, ಮೊದಲು ಎಷ್ಟಿತ್ತೆಂದು ಸರಿಯಾಗಿ ನೋಡದೆ, ಇಪ್ಪತ್ತು ಮಾಡಿದಳು. ಮನುಷ್ಯನನ್ನು ಗುಹೆಯಿಂದ ಎತ್ತಿ, ಊರ ಬಾಗಿಲಿಗೆ ತಂದು ನಿಲ್ಲಿಸಿದಳು. ಕೊನೆಯ ಜೋಡಿ ಹೊಂದಿಸಿದಳು. ಹಳೆಯ ಫೈಲಿಗೆ ಹಳೆಯದು, ಹೊಸದಕ್ಕೆ ಹೊಸದು ಎಂದು ಬೇರೆ ಬೇರೆ ಹೆಸರಿಡುವುದು ಅವಳ ಕ್ರಮ. ಅಂದು ಯಾರಿಗೋ ಉಪಕಾರ ಮಾಡಿದ ಖುಷಿಯಲ್ಲಿ ಮೈಮರೆತು, ಹಳೆಯದರ ಮೇಲೆಯೇ ಬರೆದುಬಿಟ್ಟಳು. ಮರೆತದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಮಾರನೆಯ ದಿನ ಕ್ಯಾಸೆಟ್ ಒಯ್ದವರು ಒಂದು ಗಂಟೆಯೊಳಗೆ ತಿರುಗಿ ಬಂದರು. ಸೆಲ್ಲಕ್ಕ ಎದ್ದು ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಸರ್ ಕೂತು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡರು.

"ಅಮ್ಮಾ, ಇದು ನನ್ನದಲ್ಲ ಅನ್ಸುತ್ತೆ. ಬೇರೆ ಯಾರದೋ ಆಟ ಬಂದಿದೆ."

"ನಿಮ್ಮದೇ ಸರ್. ಸ್ವಲ್ಪ ಒಪ್ಪ ಮಾಡಿದೀನಿ, ಅಷ್ಟೇ. ಚೀಲದಲ್ಲಿ ಕಸ ಇತ್ತು, ತೆಗೆದೆ. ಪಂಜು ಮೇಲಕ್ಕಿಟ್ಟೆ."

"ಪಂಜು," ಅಂದರು ಸರ್. "ಪಂಜು ನನಗ್ಯಾಕಮ್ಮಾ?"

ಸೆಲ್ಲಕ್ಕನ ಕಿವಿ ಬಿಸಿಯಾಯಿತು.

ಅವರು ಕೋಪಿಸಿಕೊಳ್ಳಲಿಲ್ಲ. ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವಂತೆ ಬಿಡಿಸಿ ಹೇಳಿದರು. ಚೀಲ ತೆರೆದರೆ ಯಾವ ವಸ್ತುವಿನ ಮೇಲಿದ್ದೇನೆಂದು ಯಂತ್ರ ಬಾಯಿಬಿಟ್ಟು ಹೇಳುವುದಿಲ್ಲ. ಗುಂಡಿ ಒತ್ತಿ ಎಣಿಸಬೇಕು. ನಡುವೆ ಎಣಿಕೆ ತಪ್ಪಿದರೆ? ಅದಕ್ಕೇ ಐದನೆಯ ಜಾಗದಲ್ಲಿ ಕಲ್ಲು, ಹತ್ತನೆಯದರಲ್ಲಿ ಒಡೆದ ಮಡಕೆ, ಹದಿನೈದರಲ್ಲಿ ಚಪ್ಪಲಿ. ಕೆಲಸಕ್ಕೆ ಬಾರದ ವಸ್ತುವನ್ನು ಬಳಸಹೋದರೆ ಯಂತ್ರ ಟುರ್ರ್ ಎಂದು ಬೈಯುತ್ತದೆ. ಆ ಬೈಗುಳವೇ ಮೈಲಿಗಲ್ಲು. ಸೀಸೆಗಳಿದ್ದದ್ದು ನಡುವಿನ ಜಾಗ ಹಿಡಿಯಲಿಕ್ಕೆ. ಇನ್ನು ಗೋಡೆಗೆ ಮುಖ ಒತ್ತಿ ನಿಂತದ್ದು ಸಿಕ್ಕಿಬಿದ್ದದ್ದಲ್ಲ. ಮುಂದಿನ ಎಣಿಕೆಯೆಲ್ಲ ಆ ಗೋಡೆಯಿಂದಲೇ ಶುರು.

"ಕುರುಡನ ಮನೇಲಿ ಮೇಜು ಕುರ್ಚಿ ಸರಿಸಿದ ಹಾಗಾಯ್ತಲ್ಲಮ್ಮಾ," ಅಂದರು ತಂಗಿ.

"ಊರ ಬಾಗಿಲಿಂದ ಮತ್ತೆ ಗುಹೆಗೆ ನಡೆಯೋಕಾಗಲ್ವಾ ಸರ್?"

"ನಡುವೆ ಕಾಡಿದೆ. ತೋಳ ಬರೋ ಸದ್ದು ಸಣ್ಣಗೆ, ಸೂಜಿ ಬಿದ್ದ ಹಾಗಿರುತ್ತೆ. ದಾಟಿದಾಗ ಕೇಳ್ತಿತ್ತು. ಈಗ ಎರಡು ವರ್ಷದಿಂದ ಅಂಥ ಸಣ್ಣ ಸದ್ದು ಕೇಳಲ್ಲ." ಅವರು ಬಲಗಿವಿ ಮುಟ್ಟಿಕೊಂಡರು. "ಹಾಗಾಗಿ ಹಿಂದೆ ಹೋದ್ರೆ ಮುಂದೆ ಬರಕ್ಕಾಗಲ್ಲ. ಹಳೇದು ನಿಮ್ಮ ಹತ್ರ ಇದೆ ಅಲ್ವಾ?"

ಸೆಲ್ಲಕ್ಕ ಕಂಪ್ಯೂಟರಿನತ್ತ ತಿರುಗಿದಳು. ಹುಡುಕಿದಳು. ಮತ್ತೆ ಹುಡುಕಿದಳು. ಅಲ್ಲಿದ್ದದ್ದು ಒಂದೇ ಫೈಲು, ಅವಳು ಒಪ್ಪ ಮಾಡಿದ್ದು. ಡ್ರೈವರನ ಆಟ ಕಳೆದಾಗ ಅವಳಿಗೆ ತಿಳಿವಳಿಕೆ ಇರಲಿಲ್ಲ. ಈಗ ಎಲ್ಲ ತಿಳಿದೂ ಕಳೆದಿದ್ದಳು.

"ಇಲ್ಲ ಸರ್," ಅಂದಳು.

ಮೇಲೆ ಯಾರೋ ಮೆಟ್ಟಿಲಿಳಿದು ಹೋದರು. ಆ ಸದ್ದು ಮುಗಿಯುವವರೆಗೆ ಸರ್ ಕಾದರು. ಆಮೇಲೆ ಕೇಳಿದರು:

"ಚೀಲದಲ್ಲಿ ಏನೇನಿತ್ತು ಅಂತ ನಾನು ಹೇಳಿದ್ರೆ ನೀವು ಬರೀಬಹುದಾ?"

"ಬರೀಬಹುದು. ಇಪ್ಪತ್ತು ಜಾಗ. ಪ್ರತಿಯೊಂದರದ್ದೂ ಎಷ್ಟೆಷ್ಟು ಅನ್ನೋದು ಬೇಕು. ನಿಂತ ಜಾಗ ಬೇಕು."

"ಆಸ್ಪತ್ರೇಲಿ ಮುನ್ನೂರ ಅರವತ್ತು ನಂಬರ್ ಇದ್ವಮ್ಮ. ಇದು ಇಪ್ಪತ್ತೇ ತಾನೆ. ಹೂಂ, ಬರ್ಕೊಳ್ಳಿ. ಒಂದು, ಗೆಡ್ಡೆ, ಹನ್ನೆರಡು. ಎರಡು, ದೊಡ್ಡ ಸೀಸೆ, ಒಂದು. ಮೂರು, ಹಗ್ಗ, ಎರಡು. ನಾಲ್ಕು, ಸಣ್ಣ ಸೀಸೆ, ಏಳು. ಐದು, ಕಲ್ಲು..."

ಅವರು ಎಲ್ಲೂ ತಡವರಿಸಲಿಲ್ಲ. ಹೇಳುತ್ತಿದ್ದಂತೆ ಅವರ ಬಲಗೈ ಗಾಳಿಯಲ್ಲಿ ಏನನ್ನೋ ಎತ್ತಿ ಎಲ್ಲೋ ಸಿಕ್ಕಿಸುತ್ತಿತ್ತು, ಎಕ್ಸ್‌ಚೇಂಜಿನ ಹಲಗೆಯಲ್ಲಿ ವೈರು ಸಿಕ್ಕಿಸುವಂತೆ. ಸೆಲ್ಲಕ್ಕ ಬರೆಯುತ್ತ ಹೋದಳು. ಯಾವುದನ್ನು ಅವಳು ಕಂಪ್ಯೂಟರಿಲ್ಲದೆ, ನೋಟ್‌ಬುಕ್ಕಿಲ್ಲದೆ ಓದಲಾರಳೋ ಅದು ಆ ಸ್ಟೂಲಿನ ಮೇಲೆ ಕೂತು, ಜಾಗದಿಂದ ಜಾಗಕ್ಕೆ ತನ್ನನ್ನು ತಾನೇ ಓದಿ ಹೇಳುತ್ತಿತ್ತು.

"ಇಪ್ಪತ್ತು, ಪಂಜು, ಒಂದು. ನಿಂತಿದ್ದು ಗುಹೆ ಬಾಗಿಲಿಂದ ಮುಂದಕ್ಕೆ ಹನ್ನೊಂದು, ಬಲಕ್ಕೆ ನಾಲ್ಕು, ಮುಖ ಮುಂದಕ್ಕೆ."

ಗುಹೆಯ ಬಾಗಿಲಿನ ಅಂಕಿ ಅವಳ ನೋಟ್‌ಬುಕ್ಕಿನಲ್ಲಿತ್ತು. ಅದಕ್ಕೆ ಹನ್ನೊಂದು, ನಾಲ್ಕು ಸೇರಿಸಿ ಜಾಗ ತುಂಬಿದಳು. ಆಮೇಲೆ ಅವಳಿಗೆ ಹೊಳೆದದ್ದು ಕವರು. ನಿನ್ನೆ ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಜೋಡಿ ನಲವತ್ನಾಲ್ಕು. ಸರ್ ಹೇಳಿದ್ದೆಲ್ಲ ಸರಿಯಾಗಿದ್ದರೆ, ಈಗ ಎಲ್ಲ ಕೂಡಿದಾಗಲೂ ನಲವತ್ನಾಲ್ಕೇ ಬರಬೇಕು. ಹಾಗೆಂದು ಇಬ್ಬರಿಗೂ ಹೇಳಿ ಕೂಡಿಸಿದಳು.

ನಲವತ್ತೇಳು.

"ಮೂರು ಹೆಚ್ಚು ಬರ್ತಿದೆ ಸರ್."

ಅವಳು ಬರೆದದ್ದನ್ನು ಒಂದೊಂದಾಗಿ ಓದಿದಳು, ಅವರು ಒಂದೊಂದಕ್ಕೂ ಹೂಂ ಅಂದರು. ತಪ್ಪು ಬರೆದದ್ದು ಯಾವುದೂ ಇರಲಿಲ್ಲ. ಮತ್ತೆ ಕೂಡಿದರೂ ಮೂರು ಹೆಚ್ಚು.

"ಹಾಗಾದ್ರೆ ಹೆಜ್ಜೇಲಿ ಇರಬೇಕು," ಅಂದರು ಸರ್. "ಹನ್ನೊಂದಲ್ಲ, ಎಂಟೇನೋ. ಅಥವಾ ನಾಲ್ಕಲ್ಲ, ಒಂದು. ಆ ಕಡೆ ಈ ಕಡೆ ಹೊಂಡ ಇದಾವೆ ಅಮ್ಮಾ. ಒಂದು ಹೆಜ್ಜೆ ತಪ್ಪಿದ್ರೂ ಬಿದ್ದು ಊರಿಗೇ ವಾಪಸ್. ಕಿವಿ ಹೋಗ್ತಿದೆ ಅಂದ್ಕೊಂಡಿದ್ದೆ. ಎಣಿಕೇನೂ ಹೋಗ್ತಿದೆಯೇನೋ."

ಅವರ ಬಲಗೈ ಗಾಳಿಯಲ್ಲಿ ನಿಂತುಹೋಗಿತ್ತು. ಅಣ್ಣನ ಆ ಕೈಯನ್ನು ತಂಗಿ ನೋಡಿದರು. ಆಮೇಲೆ ಗೋಡೆಯ ಗಡಿಯಾರಗಳನ್ನು ನೋಡಿದರು. ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು.

"ಗೆಡ್ಡೆ ಒಂಬತ್ತು ಹಾಕಮ್ಮಾ," ಅಂದರು ಕೊನೆಗೆ.

"ಹನ್ನೆರಡು ಪುಟ್ಟಿ, ನನಗೆ ಗೊತ್ತಲ್ಲ."

"ಹನ್ನೆರಡೇ ಇತ್ತು. ಮೂರು ನಾನು ತಿನ್ನಿಸ್ದೆ."

"ಯಾರಿಗೆ?"

"ಅವನಿಗೆ! ನಿನ್ನ ಆ ಮನುಷ್ಯನಿಗೆ. ನಿನ್ನೆ ಇಲ್ಲಿಗೆ ಹೊರಡೋ ಮುಂಚೆ, ನೀನು ಸ್ನಾನಕ್ಕೆ ಹೋಗಿದ್ದೆ. ಕ್ಯಾಸೆಟ್ ರಿಪೇರಿಗೆ ಕೊಟ್ರೆ ಏನಾಗತ್ತೋ, ಹತ್ತೊಂಬತ್ತು ವರ್ಷ ಮನೇಲಿರೋನ ಮುಖ ಒಂದ್ಸಲ ಆದ್ರೂ ನೋಡೋಣ ಅಂತ ಹಾಕ್ದೆ. ಯಾವ್ದೋ ಗುಂಡಿ ಒತ್ತಿದ್ದಕ್ಕೆ ಚೀಲ ತೆರ್ಕೊಳ್ತು. ಒಂದು ಗೆಡ್ಡೆ ತಿನ್ನಿಸ್ದೆ, ಮೈಯೆಲ್ಲ ಮಿಣುಕಿಸ್ತಾನೆ. ಚೆನ್ನಾಗಿತ್ತು. ಇನ್ನೆರಡು ತಿನ್ನಿಸ್ದೆ. ಸೇವ್ ಮಾಡಲಾ ಅಂತ ಕೇಳ್ತು, ಹೂಂ ಅಂದೆ."

"ಕಾಲು ಅಲ್ಲಾಡಿಸಿದ್ಯಾ?"

"ಇಲ್ಲ ಮಾರಾಯ, ಕಾಲು ಮುಟ್ಲಿಲ್ಲ. ಗೋಡೆ ಕಡೆ ತಿರುಗಿ ನಿಂತಿದ್ದ, ಮುಖಾನೂ ಕಾಣ್ಲಿಲ್ಲ."

ಸೆಲ್ಲಕ್ಕ ಹನ್ನೆರಡನ್ನು ಒಂಬತ್ತು ಮಾಡಿ ಕೂಡಿಸಿದಳು. ನಲವತ್ನಾಲ್ಕು.

ಕವರಿನ ಮೇಲಿನ ಪೆನ್ಸಿಲಿನ ಅಂಕಿಯನ್ನೂ ಪರದೆಯ ಅಂಕಿಯನ್ನೂ ಅವಳು ಮತ್ತೆ ಮತ್ತೆ ನೋಡಿದಳು. ಒಂದನ್ನು ಕೂಡಿಸಿದ್ದು ಯಂತ್ರ, ಇನ್ನೊಂದು ಬಂದದ್ದು ಮನುಷ್ಯನ ತಲೆಯಿಂದ. ಐನೂರ ಹನ್ನೆರಡು ಸಾಲನ್ನು ಮೊದಲ ಸಲ ತೆರೆದ ದಿನ ಅವಳು ಅವಾಕ್ಕಾಗಿ ಕೂತಿದ್ದಳಲ್ಲ, ಈಗ ಅದಕ್ಕಿಂತ ದೊಡ್ಡದರ ಮುಂದೆ ನಿಂತಿದ್ದಳು. ತಂಗಿಯೇ ಪರದೆಗೆ ಬಗ್ಗಿ ನೋಡಿ, "ಬಂತು ಕಣೋ," ಅಂದರು.

ಆದರೂ ಒಂದು ಸಂಶಯ ಉಳಿದಿತ್ತು. ಕೂಡಿದ ಮೊತ್ತಕ್ಕೆ ಯಾವುದು ಎಷ್ಟನೆಯ ಜಾಗದಲ್ಲಿದೆ ಅನ್ನುವುದು ತಿಳಿಯದು. ಕಲ್ಲು ಐದರ ಬದಲು ಆರರಲ್ಲಿದ್ದರೂ ಮೊತ್ತ ಅಷ್ಟೇ. ಅವಳು ಅದನ್ನು ಮುಚ್ಚಿಡದೆ ಹೇಳಿದಳು. ಈ ಸಲ ಎರಡು ಹೆಸರಿನಲ್ಲಿ ಎರಡು ಫೈಲು ಇಟ್ಟು, ಕ್ಯಾಸೆಟ್ಟಿಗೆ ಬರೆದು, ಯಂತ್ರಕ್ಕೆ ಸಿಕ್ಕಿಸಿ ಅವರ ಕೈಗೆ ಕೊಟ್ಟಳು.

ಸರ್ ಎಡಗಿವಿಗೆ ಹತ್ತಿರ ಹಿಡಿದು ಯಂತ್ರ ಹಾಕಿದರು. ಗುಹೆಯ ಸಂಗೀತ ಬಂತು, ತಗ್ಗಿದ ದನಿಯಲ್ಲಿ, ದೊಡ್ಡ ಖಾಲಿ ಪಾತ್ರೆಯೊಳಗೆ ಯಾರೋ ಗುನುಗಿದಂತೆ. ಮುಂದಕ್ಕೆ ನಡೆಸುವ ಗುಂಡಿ ಒತ್ತಿದರು. ಡುಬ್. ಗೋಡೆ ಇದ್ದಲ್ಲೇ ಇತ್ತು. ಚೀಲ ತೆರೆದು ನಾಲ್ಕು ಸಲ ಇಳಿದು ಒತ್ತಿದರು. ಟುರ್ರ್. ಇನ್ನೈದು ಇಳಿದರು. ಟುರ್ರ್. ಇನ್ನೈದು. ಟುರ್ರ್.

"ಎಷ್ಟು ಚೆನ್ನಾಗಿ ಬೈತಾ ಇದೆ," ಅಂದರು. ಅವರ ಕೆನ್ನೆ ಒದ್ದೆಯಾಗಿತ್ತು, ಅದನ್ನು ಒರೆಸಲು ಕೈ ಬಿಡುವಿರಲಿಲ್ಲ.

ಸೆಲ್ಲಕ್ಕ ಕ್ಷಮೆ ಕೇಳಬೇಕೆಂದು ಮಾತು ಜೋಡಿಸುತ್ತಿದ್ದಳು. ಅಷ್ಟರಲ್ಲಿ ಅವರೇ ತಂಗಿಯ ಕಡೆ ತಿರುಗಿದರು.

"ಪುಟ್ಟಿ, ನೀನು ನೋಡಿದ್ಯಲ್ಲ. ಹೇಗಿದಾನೆ?"

"ಯಾರು, ಇವನಾ? ಕುಳ್ಳ."

"ಕುಳ್ಳನಾ?"

"ಹೂಂ, ಕಡಲೆಬೀಜದಷ್ಟು. ತಲೇನೇ ಅರ್ಧ ಮೈ. ದೊಡ್ಡ ಟೋಪಿ ಹಾಕಿದಾನೆ. ಬಣ್ಣ ಗಿಣ್ಣ ಏನಿಲ್ಲ, ಎಲ್ಲ ಬೂದಿ."

ಸರ್ ತಮ್ಮ ತಲೆ ಮುಟ್ಟಿ ನೋಡಿಕೊಂಡರು. "ಇಷ್ಟು ವರ್ಷ ನನ್ನಷ್ಟೇ ಎತ್ತರ ಅಂದ್ಕೊಂಡಿದ್ದೆ," ಅಂದರು. "ಬಾಗಿಲು ಬಂದಾಗೆಲ್ಲ ನಾನೂ ತಲೆ ಬಗ್ಗಿಸ್ತಿದ್ದೆ."

ತಂಗಿ ನಕ್ಕರು. ನಗು ನಿಲ್ಲಿಸಲಾಗದೆ ಮೆಟ್ಟಿಲ ಕಂಬ ಹಿಡಿದುಕೊಂಡರು. ಸೆಲ್ಲಕ್ಕನಿಗೂ ನಗು ಬಂತು, ಕಣ್ಣೂ ತುಂಬಿತು.

"ಬಾ ಕುಳ್ಳ," ಅಂದರು ಸರ್, ಮತ್ತು ಗೋಡೆಯಿಂದ ತಿರುಗಿ ನಡೆಯತೊಡಗಿದರು. ಸೆಲ್ಲಕ್ಕ ಅವರ ಭುಜದ ಮೇಲಿಂದ ಪರದೆ ನೋಡಿದಳು. ಅಲ್ಲಿ ಕಾಣಲು ಏನೂ ಇರಲಿಲ್ಲ. ಪಂಜು ಉರಿಸದ ಗುಹೆ ಪೂರ್ತಿ ಕಪ್ಪು, ನಡುವೆ ಟೋಪಿ ಹಾಕಿದ ಚುಕ್ಕೆಯಂಥ ಮನುಷ್ಯ. ಹೊಂಡಗಳು ಎಲ್ಲಿವೆಯೋ ಅವಳಿಗೆ ಕಾಣುತ್ತಿರಲಿಲ್ಲ. ಅವನು ಆರು ಹೆಜ್ಜೆ ಎಡಕ್ಕೆ ಹೋದ, ಎರಡು ಕೆಳಕ್ಕೆ ಇಳಿದ, ಮತ್ತೆ ಎಡಕ್ಕೆ ತಿರುಗಿದ. ಅವಳೂ ಮನಸ್ಸಿನಲ್ಲೇ ಎಣಿಸುತ್ತ ಜೊತೆಗೆ ಹೋದಳು. ಮೂವತ್ತರ ಹತ್ತಿರ ಎಲ್ಲೋ ಅವಳ ಎಣಿಕೆ ತಪ್ಪಿತು. ಅವನು ಎಲ್ಲೂ ನಿಲ್ಲದೆ, ಒಂದೇ ಒಂದು ಸಲವೂ ಗೋಡೆಗೆ ತಾಗದೆ, ಆ ಕತ್ತಲೆಯೊಳಗೆ ಮುಂದೆ ಮುಂದೆ ನಡೆದೇ ಹೋದ.